ಕಾಲು ಬಂದವರ ಸಂಘ

ನಮ್ಮ ಊರಿನ ಅಂಗಡಿಗಳಲ್ಲಿ ಚಪ್ಪಲಿಯನ್ನು ಒಂಟಿಯಾಗಿ ಮಾರುತ್ತಾರೆ. ಹೊರಗಿನಿಂದ ಬಂದವರು ಇದನ್ನು ಕಂಡು ನಗುತ್ತಾರೆ. ಒಂದೆರಡು ತಿಂಗಳು ಇಲ್ಲೇ ಉಳಿದರೆ ತಾವೂ ಬಂದು ಎಡಗಾಲಿನದೊಂದು ಕೊಡಿ ಅನ್ನುತ್ತಾರೆ. ಉಳುಕು ತೆಗೆಯುವ ಕಸುಬಿನವರಿಗೆ ಎರಡು ಚಪ್ಪಲಿ ಒಂದೇ ಸಮ ಸವೆಯುವುದಿಲ್ಲ. ಕುಂಟುವ ಎಮ್ಮೆಯ ಕಾಲನ್ನು ನೀವಿ ಸರಿಮಾಡಲು ಕೈಹಚ್ಚಿದವನಿಗೆ ಅಂದೇ ಆ ಎಮ್ಮೆಯ ಕುಂಟು ಬರುತ್ತದೆ. ನೋವು ಬರುವುದಿಲ್ಲ, ನಡಿಗೆ ಮಾತ್ರ. ಎಮ್ಮೆ ಪೂರ್ತಿ ಗುಣವಾದ ಗಳಿಗೆಗೆ ಅದು ಬಿಟ್ಟುಹೋಗುತ್ತದೆ. ಇದಕ್ಕೆ ನಮ್ಮಲ್ಲಿ ಕಾಲು ಬರುವುದು ಅನ್ನುತ್ತಾರೆ. ಅವರಿಗೆ ಎತ್ತಿನ ಕಾಲು ಬಂದಿದೆ, ಈ ವಾರ ಮಹಡಿ ಹತ್ತೋದಿಲ್ಲ ಅಂದರೆ ಯಾರೂ ತಿರುಗಿ ಕೇಳುವುದಿಲ್ಲ.

ಊರು ಇದಕ್ಕೆ ಒಗ್ಗಿಕೊಂಡಿದೆ. ಅಂಚೆ ಕಚೇರಿಯ ಮೆಟ್ಟಿಲಿಗೆ ಎರಡೂ ಬದಿ ಕಂಬಿ ಹಾಕಿದ್ದಾರೆ. ಮದುವೆ ಗೊತ್ತುಮಾಡುವಾಗ ಹೆಣ್ಣಿನ ಕಡೆಯವರು ಹುಡುಗನ ಜಾತಕದ ಜೊತೆಗೆ ಸದ್ಯಕ್ಕೆ ಅವನ ಕೈಯಲ್ಲಿ ಯಾವ ಪ್ರಾಣಿ ಇದೆ ಎಂದೂ ವಿಚಾರಿಸುತ್ತಾರೆ. ಕೋಣದ ಕಾಲು ಬಂದ ವರ ಸಪ್ತಪದಿ ಮುಗಿಸುವಷ್ಟರಲ್ಲಿ ಮುಹೂರ್ತವೇ ಮೀರಿಹೋದದ್ದುಂಟು. ನನ್ನ ತಂದೆಯ ತಿಥಿಯ ದಿನ ನನಗೆ ಆಡಿನ ಕಾಲು ಬಂದಿತ್ತು. ಪಿಂಡವನ್ನು ಹಿತ್ತಿಲಿಗೆ ಒಯ್ಯುವಾಗ ನಡುನಡುವೆ ಜಿಗಿದೆ. ಪುರೋಹಿತರು ಬೇರೆ ಕಡೆ ನೋಡುತ್ತ ಮಂತ್ರ ಮುಂದುವರಿಸಿದರು, ಕಾಗೆ ಬಂದು ಮುಟ್ಟಿತು. ಪಿತೃಗಳಿಗೆ ಇದರಿಂದ ಬೇಸರವಾದಂತೆ ಕಾಣಲಿಲ್ಲ. ಬೆಕ್ಕನ್ನು ಮಾತ್ರ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಎಲ್ಲಿ ಉಳುಕಿದೆ ಎಂದು ಬೆಕ್ಕು ತೋರಿಸಿಕೊಡುವುದಿಲ್ಲ, ಗುಣವಾದದ್ದನ್ನೂ ಒಪ್ಪಿಕೊಳ್ಳುವುದಿಲ್ಲ. ಒಮ್ಮೆ ಮುಟ್ಟಿದವರು ಯಾವಾಗ ಬಿಡುಗಡೆ ಎಂದು ತಿಳಿಯದೆ ವರ್ಷಗಟ್ಟಲೆ ಕಾಯಬೇಕು.

ಕುಂಟುವವನೇ ಕಸುಬು ಬಲ್ಲವನು ಎಂದು ನಮ್ಮ ಜನ ನಂಬುತ್ತಾರೆ. ಅದಕ್ಕೆ ಕಾರಣವಿದೆ. ಮೇಲೆ ಮೇಲೆ ಎಣ್ಣೆ ಸವರಿ ಕೈತೊಳೆದುಕೊಂಡವನಿಗೆ ಕಾಲು ಬರುವುದಿಲ್ಲ. ಹಾಗಾಗಿ ಹಿಂದೊಂದು ಕಾಲದಲ್ಲಿ ಎಣ್ಣೆ ಸವರುವವರೆಲ್ಲ ಕನ್ನಡಿಯ ಮುಂದೆ ಕುಂಟುವುದನ್ನು ಅಭ್ಯಾಸ ಮಾಡಿ ಬೀದಿಗಿಳಿದರಂತೆ. ಸಂತೆಯ ದಿನ ನೋಡಿದರೆ ಇಡೀ ಊರು ಕುಂಟುತ್ತಿತ್ತು, ಪ್ರಾಣಿಗಳ ಪಾಡು ಇದ್ದ ಹಾಗೇ ಇತ್ತು. ಆಗ ಹಿರಿಯರು ಸೇರಿ ಉಳುಕು ತೆಗೆಯುವವರ ಸಂಘ ಕಟ್ಟಿದರು. ಈಗ ಅದರ ಹೆಸರು ಪ್ರಾಣಿ ಫಿಸಿಯೋಥೆರಪಿಸ್ಟರ ಸಂಘ. ಹೊಸ ಹೆಸರು ಹಳೆಯ ಫಲಕದಲ್ಲಿ ಹಿಡಿಸಲಿಲ್ಲವಾದ್ದರಿಂದ ಸಂಘ ಎಂಬ ಪದವನ್ನು ಪಕ್ಕದ ಗೋಡೆಯ ಮೇಲೆ ಬರೆಸಿದ್ದೇವೆ. ಸಂಘದ ಸದಸ್ಯರಲ್ಲದವರು ಊರಿನ ಯಾವ ಪ್ರಾಣಿಯ ಕಾಲನ್ನೂ ಚಿಕಿತ್ಸೆಗೆಂದು ಮುಟ್ಟುವಂತಿಲ್ಲ. ಸದಸ್ಯರ ನಡವಳಿಕೆಗೂ ನಿಯಮಗಳಿವೆ. ಒಂದು ಸಲಕ್ಕೆ ಒಂದೇ ಪ್ರಾಣಿ. ಬಾತುಕೋಳಿಯನ್ನೂ ಕುದುರೆಯನ್ನೂ ಒಟ್ಟಿಗೆ ಒಪ್ಪಿಕೊಂಡವರೊಬ್ಬರು ನಾಲ್ಕು ರಸ್ತೆ ಕೂಡುವಲ್ಲಿ ಎತ್ತ ಹೋಗುವುದೆಂದು ತೀರ್ಮಾನವಾಗದೆ ಬಿದ್ದ ಮೇಲೆ ಮಾಡಿದ ನಿಯಮ ಅದು. ಬಂದ ಕಾಲನ್ನು ಪಂಚೆ ಇಳಿಬಿಟ್ಟು ಮುಚ್ಚಿಕೊಳ್ಳಬಾರದು, ಸಾರ್ವಜನಿಕರಿಗೆ ಕಾಣತಕ್ಕದ್ದು. ಇಲ್ಲದ ಕಾಲನ್ನು ತೋರಿಸಬಾರದು. ಈ ಕೊನೆಯದೇ ಸಂಘದ ತಳಪಾಯ. ಕೆರೆಯಾಚೆ ಇನ್ನೊಂದು ಮಹಾಮಂಡಳಿ ಇದೆ. ಅವರು ಕೋಳಿಯ ಕುಂಟನ್ನೂ ಲೆಕ್ಕಕ್ಕೆ ಹಿಡಿದು ಸದಸ್ಯತ್ವ ಕೊಡುತ್ತಾರೆ. ಅವರ ವಿಷಯ ನಾನು ಮಾತಾಡುವುದಿಲ್ಲ.

ಹೊಸಬರನ್ನು ಪರೀಕ್ಷಿಸುವ ಸಮಿತಿಯಲ್ಲಿ ನಾವು ಮೂವರು. ಅಧ್ಯಕ್ಷ ಪದ್ಮರಾಜಯ್ಯನವರು ಮುಂದಿನಿಂದ ನೋಡುತ್ತಾರೆ. ಕಾರ್ಯದರ್ಶಿ ಚನ್ನಕೇಶವ ಹಿಂದಿನಿಂದ ನೋಡುತ್ತಾನೆ. ನಾನು ಪಕ್ಕದ ಬೆಂಚಿನ ಮೇಲೆ ಕಣ್ಣುಮುಚ್ಚಿ ಕೂತು ಕೇಳುತ್ತೇನೆ. ನನ್ನ ಅಜ್ಜ ಹಸುವಿಗೆ ಹುಲ್ಲು ಹರವುತ್ತ ಷಟ್ಪದಿ ಹೇಳುತ್ತಿದ್ದ. ಅರ್ಥವಾಗುವುದಕ್ಕೆ ಎಷ್ಟೋ ಮುಂಚೆಯೇ ನನಗೆ ಮಾತ್ರೆ ತಪ್ಪಿದ್ದು ತಿಳಿಯುತ್ತಿತ್ತು. ಈಗಲೂ ಸಂಜೆ ಮಠದ ಜಗಲಿಯಲ್ಲಿ ಕಾವ್ಯ ಓದುವಾಗ ಕಂಬಕ್ಕೊರಗಿ ಕೂರುತ್ತೇನೆ, ಹಾ ಹೂ ಅನ್ನುವುದಿಲ್ಲ. ಹೆಜ್ಜೆಯೂ ಹಾಗೇ. ಪದ್ಯವನ್ನು ಬಾಯಿಪಾಠ ಒಪ್ಪಿಸುವವನಿಗೂ ಅದರೊಳಗೆ ಹೊಕ್ಕು ಹೇಳುವವನಿಗೂ ಇರುವ ಭೇದವೇ ಕಲಿತ ಕುಂಟಿಗೂ ಬಂದ ಕಾಲಿಗೂ ಇರುವುದು. ಕಲಿತ ಕುಂಟು ಎಲ್ಲ ಹೆಜ್ಜೆಯಲ್ಲೂ ಒಂದೇ ಥರ. ಬಂದ ಕಾಲು ಕಲ್ಲು ಸಿಕ್ಕಿದಲ್ಲಿ ಅಂಜುತ್ತದೆ, ಮಣ್ಣು ಸಿಕ್ಕಿದಲ್ಲಿ ನಂಬುತ್ತದೆ.

ಕಾತ್ಯಾಯಿನಿ ಬಂದದ್ದು ದನದ ಆಸ್ಪತ್ರೆಯ ಕೆಲಸಕ್ಕೆ. ದೂರದ ಕಾಲೇಜಿನಲ್ಲಿ ಪ್ರಾಣಿಗಳ ಫಿಸಿಯೋಥೆರಪಿಯನ್ನೇ ಓದಿದವಳು. ಅಲ್ಲಿ ಎಷ್ಟು ಕುದುರೆಗಳನ್ನು ನೀವಿದರೂ ಯಾರಿಗೂ ಕಾಲು ಬರುವುದಿಲ್ಲವಂತೆ. ಸಂಘದ ಸದಸ್ಯತ್ವ ಸಿಕ್ಕರೆ ಕೆಲಸ ಖಾಯಂ, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಬೇರೆಲ್ಲೂ ಆಕೆಗೆ ಕೆಲಸ ಕೊಟ್ಟಿರಲಿಲ್ಲ. ಹುಟ್ಟಿನಿಂದ ಬಲಗಾಲು ತುಸು ಗಿಡ್ಡ, ಆ ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ, ಆದರೂ ಕುಂಟು. ತಾನೇ ಕುಂಟುವವಳು ಕುದುರೆಯನ್ನು ಹೇಗೆ ಹಿಡಿದಾಳು ಎಂದು ಹೋದಲ್ಲೆಲ್ಲ ಕೇಳಿ ಕಳಿಸಿದ್ದರಂತೆ.

ನಮ್ಮ ಊರಿನಲ್ಲಿ ಅದೇ ಕಾಲು ತಿರುಗುಮುರುಗಾಗಿ ಕೆಲಸ ಮಾಡಿತು. ಬಸ್ಸಿಳಿದು ನಡೆದವಳನ್ನು ನೋಡಿ ಜನ ಗೌರವದಿಂದ ದಾರಿ ಬಿಟ್ಟರು. ಹೂ ಮಾರುವ ಪುಟ್ಟಗೌರಿ, ಯಾರ ಮನೆಯದು ತಾಯಿ ಎಂದು ವಾಡಿಕೆಯಂತೆ ಕೇಳಿದಳಂತೆ. ನಂದೇ, ಅಂದಳಂತೆ ಕಾತ್ಯಾಯಿನಿ. ಸ್ವಂತ ಪ್ರಾಣಿಗೇ ಇಷ್ಟು ಮನಸ್ಸಿಟ್ಟು ಮಾಡುವವಳು ಪರರ ಪ್ರಾಣಿಗೆ ಇನ್ನೆಷ್ಟು ಮಾಡಿಯಾಳು ಎಂದು ಸಂಜೆಯೊಳಗೆ ಆಸ್ಪತ್ರೆಯ ಮುಂದೆ ಕರು, ಕತ್ತೆ, ಒಂದು ಮುದಿ ನಾಯಿ ಎಲ್ಲ ಸಾಲಾಗಿ ನಿಂತವು. ಸದಸ್ಯತ್ವ ಬರುವ ತನಕ ಮುಟ್ಟುವಂತಿಲ್ಲ ಎಂದು ಆಕೆ ಕೈಮುಗಿದು ಎಲ್ಲರನ್ನೂ ವಾಪಸು ಕಳಿಸಿದಳು.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಯಾವ ಪ್ರಾಣಿಯನ್ನೂ ಮುಟ್ಟಿಲ್ಲ, ಆದರೂ ಕುಂಟುತ್ತಾಳೆ ಎಂದು ಚನ್ನಕೇಶವನ ಕಿವಿಗೆ ಯಾರೋ ಹಾಕಿದರು. ಇಲ್ಲದ ಕಾಲನ್ನು ತೋರಿಸುವುದು ಇದಲ್ಲದೆ ಇನ್ನೇನು ಎಂದು ಅವನು ನನ್ನನ್ನು ಕೇಳಿದ. ಚನ್ನಕೇಶವ ನಿಯಮ ಅಂದರೆ ನಿಯಮ ಎನ್ನುವ ಹುಡುಗ. ಕಾಲು ಕಾಣಲೆಂದು ಪ್ಯಾಂಟನ್ನು ಮೊಣಕಾಲಿನವರೆಗೆ ಮಾತ್ರ ಹೊಲಿಸಿಕೊಂಡಿದ್ದಾನೆ. ಸ್ವಂತಕ್ಕೆ ಕುಂಟುವವರೂ ಇರುತ್ತಾರಪ್ಪ ಅಂದೆ. ಹಾಗೆ ಯಾರನ್ನೂ ಕಂಡಿಲ್ಲ ಅಂದ. ಅವನ ತಪ್ಪಲ್ಲ. ನಮ್ಮ ಊರಿನಲ್ಲಿ ಅಂಥವರು ಯಾವಾಗಲೂ ಇದ್ದರು, ಆದರೆ ಯಾವುದೋ ಪ್ರಾಣಿಯ ಹೆಸರು ಹೇಳಿ ಗೌರವ ಉಳಿಸಿಕೊಳ್ಳುತ್ತಿದ್ದರು. ಮಡಿವಾಳರ ಬೀದಿಯ ಒಬ್ಬ ಅಜ್ಜ ಜೀವನಪೂರ್ತಿ ಒಂದೇ ಕತ್ತೆಯ ಹೆಸರು ಹೇಳಿದ. ಕತ್ತೆ ಸತ್ತ ಮೇಲೂ ಹೇಳಿದ. ಯಾರೂ ಎದುರಾಡಲಿಲ್ಲ. ಕಾತ್ಯಾಯಿನಿ ಒಬ್ಬಳೇ ಇದು ನನ್ನದು ಅಂದವಳು, ಅದೂ ಕೇಳಿದವರಿಗೆಲ್ಲ.

ಪರೀಕ್ಷೆಗೆ ಜಟಕಾ ಓಡಿಸುವ ಖಲಂದರ್ ಸಾಬರ ಕುದುರೆಯನ್ನು ಗೊತ್ತುಮಾಡಿದ್ದೆವು. ಮಲ್ಲಿಗೆ ಎಂದು ಅದರ ಹೆಸರು. ಎಡ ಮುಂಗಾಲು ಭುಜದ ಹತ್ತಿರ ಸೆಟೆದುಕೊಂಡು, ನಡೆದರೆ ಒಂದು ಹೆಜ್ಜೆ ಗಿಡ್ಡ ಒಂದು ಹೆಜ್ಜೆ ಉದ್ದ, ಭಾಮಿನಿ ಷಟ್ಪದಿಯ ಹಾಗೆ ಮೂರು ನಾಲ್ಕು, ಮೂರು ನಾಲ್ಕು ಎಂದು ಕೇಳುತ್ತಿತ್ತು. ಸಂಘದ ಹಿತ್ತಿಲಿನಲ್ಲಿ ಸದಸ್ಯರೆಲ್ಲ ಸುತ್ತ ನಿಂತಿದ್ದರು. ಕಾತ್ಯಾಯಿನಿ ಕುಂಟುತ್ತ ಬಂದು ಕುದುರೆಯ ಭುಜದ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಏನೂ ಮಾಡದೆ ನಿಂತಳು. ಆಮೇಲೆ ಬೆರಳುಗಳು ಕೆಲಸ ಹಿಡಿದವು. ಒತ್ತಿ ನೀವಿ, ಕಾಲನ್ನು ಮೆಲ್ಲಗೆ ಎತ್ತಿ ಮುಂದಕ್ಕೆ ಚಾಚಿ, ತಾನು ಅದರ ಭಾರಕ್ಕೆ ಭಾರ ಕೊಟ್ಟು, ಮತ್ತೆ ಇಳಿಸಿ. ಮಲ್ಲಿಗೆ ಒಂದು ದೊಡ್ಡ ಉಸಿರು ಬಿಟ್ಟು ತಲೆ ತಗ್ಗಿಸಿತು. ಇನ್ನು ಹಿತ್ತಿಲಿನ ಈ ಕೊನೆಯಿಂದ ಆ ಕೊನೆಗೆ ನಡೆಯಿರಿ ಎಂದು ಪದ್ಮರಾಜಯ್ಯ ಹೇಳಿದರು. ನಾನು ಕಣ್ಣುಮುಚ್ಚಿದೆ.

ಹೆಜ್ಜೆ ಶುರುವಾಯಿತು, ನಡುವೆ ನಿಂತಿತು. ಕಣ್ಣು ತೆರೆದರೆ ಕಾತ್ಯಾಯಿನಿ ತನ್ನ ಪಾದಗಳನ್ನು ನೋಡುತ್ತ ನಿಂತಿದ್ದಳು. ದಪ್ಪ ಅಟ್ಟೆಯ ಚಪ್ಪಲಿಯನ್ನೂ ಇನ್ನೊಂದನ್ನೂ ಬಿಚ್ಚಿಟ್ಟು ಬರಿಗಾಲಿನಲ್ಲಿ ಮತ್ತೆ ನಡೆದಳು. ಯಾರೂ ಹೇಳದೆ ಬಾವಿಯ ತನಕ ಹೋದಳು, ಬಾವಿಯಿಂದ ಬೇಗ ಬೇಗ ವಾಪಸು ಬಂದಳು, ಗೋಡೆ ಹಿಡಿದುಕೊಂಡಳು. ಆಕೆಯ ನಡಿಗೆ ಗೆರೆ ಎಳೆದಂತೆ ನೆಟ್ಟಗಿತ್ತು.

"ಬರುವಾಗ ಕುಂಟುತ್ತಿದ್ದಿರಿ," ಅಂದರು ಪದ್ಮರಾಜಯ್ಯ. "ಅಂದರೆ ಸದಸ್ಯತ್ವ ಇಲ್ಲದೆ ಯಾವುದೋ ಪ್ರಾಣಿಯನ್ನ ಮುಟ್ಟಿದ್ದೀರಿ. ಈಗ ನೆಟ್ಟಗೆ ನಡೀತಿದ್ದೀರಿ. ಅಂದರೆ ಈ ಕುದುರೆಯನ್ನ ಮುಟ್ಟೇ ಇಲ್ಲ."

"ಮುಟ್ಟಿದ್ದನ್ನ ನೀವೇ ನಿಂತು ನೋಡಿದ್ರಲ್ಲ ಸರ್."

"ನಾವು ನೋಡಿದ್ದು ಪುರಾವೆ ಆಗೋದಿಲ್ಲಮ್ಮ. ಕಾಲು ಬಂದರೆ ಪುರಾವೆ."

ಖಲಂದರ್ ಸಾಬರು, ಬೆಳಗಿನಿಂದ ತಲೆ ಎತ್ತಿಕೊಂಡೇ ಇದ್ದ ಕುದುರೆ ಈಗ ಇಳಿಸಿದೆ, ಅದನ್ನಾದರೂ ನೋಡಿ ಸ್ವಾಮಿ ಅಂದರು. ಕುದುರೆ ಸಮಿತಿಯ ಸದಸ್ಯನಲ್ಲ ಎಂದು ಚನ್ನಕೇಶವ ನೆನಪು ಮಾಡಿದ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ನಾಲ್ಕು ಜನರ ನಡುವೆ ಮಾತಾಡುವುದು ಒಗ್ಗದು. ಆದರೆ ಕೇಳಿದ್ದನ್ನು ಹೇಳದೆ ವಿಧಿಯಿರಲಿಲ್ಲ. ಕಣ್ಣಿಗೆ ಒಂದು ನಡಿಗೆ ಕಂಡಿರಬಹುದು, ಕಿವಿಗೆ ಎರಡು ಕೇಳಿಸಿತು ಅಂದೆ. ಎಡ ಹೆಜ್ಜೆಯಲ್ಲಿ ಕುದುರೆ ಇದೆ, ಬಲ ಹೆಜ್ಜೆಯಲ್ಲಿ ಆಕೆಯೇ ಇದ್ದಾಳೆ. ತಕ್ಕಡಿಯ ಒಂದು ತಟ್ಟೆ ಹುಟ್ಟಿನಿಂದ ಇಳಿದಿತ್ತು, ಈಗ ಇನ್ನೊಂದು ತಟ್ಟೆಗೂ ಅಷ್ಟೇ ಭಾರ ಬಿದ್ದು ಮುಳ್ಳು ನೇರವಾಗಿದೆ, ಅಷ್ಟೇ. ಆಕೆ ಪರೀಕ್ಷೆಯಲ್ಲಿ ಗೆದ್ದಿದ್ದಾಳೆ, ನಮ್ಮ ಕಣ್ಣಿಗೆ ಅದು ಕಾಣುವ ಹಾಗಿಲ್ಲ.

ಪದ್ಮರಾಜಯ್ಯನವರು ನ್ಯಾಯವಂತರು. ಇರುವೆ ಸಾಲು ದಾಟುವ ತನಕ ಹೊಸ್ತಿಲಲ್ಲಿ ನಿಲ್ಲುವವರು. ಅವರು ಇನ್ನೊಂದು ಮಾತು ತೆಗೆದರು. ಇವರು ಹೇಳುವುದು ನಿಜವೇ ಆದರೆ ವಿಷಯ ಇನ್ನೂ ಗಂಭೀರ. ನಮಗೆಲ್ಲ ಪ್ರಾಣಿ ಗುಣವಾದರೆ ನಮ್ಮ ಕಾಲು ನಮಗೆ ಸಿಗುತ್ತದೆ. ಈಕೆಗೆ ಪ್ರಾಣಿ ಗುಣವಾದ ದಿನ ನೆಟ್ಟಗಿನ ನಡಿಗೆ ಹೋಗುತ್ತದೆ. ಕುದುರೆ ಕುಂಟುತ್ತಿರುವಷ್ಟು ದಿನವೇ ಈಕೆಗೆ ಸುಖ. ಅಂಥವರ ಕೈಗೆ ಪ್ರಾಣಿಯನ್ನು ಒಪ್ಪಿಸಬಹುದೇ ಅಂದರು. ಕಾತ್ಯಾಯಿನಿಯ ಮುಖ ನೋಡಿದೆ. ಆಕೆ ಗೋಡೆ ಬಿಟ್ಟು ನಿಂತಿದ್ದಳು, ಎರಡೂ ಕಾಲಿನ ಮೇಲೆ. ಕೊನೆಗೆ ಆದ ತೀರ್ಮಾನವೇನೆಂದರೆ, ಮಲ್ಲಿಗೆ ಪೂರ್ತಿ ಗುಣವಾಗುವ ತನಕ ಆಕೆಯೇ ನೋಡಿಕೊಳ್ಳುವುದು, ಗುಣವಾಗಿ ಆಕೆ ಮತ್ತೆ ಕುಂಟಿದರೆ ಸದಸ್ಯತ್ವ, ವಿನಾಕಾರಣ ದಿನ ಎಳೆದರೆ ಊರು ಬಿಡುವುದು. ಕಿವಿಯಿಟ್ಟಿರುವ ಕೆಲಸ ನನಗೆ ಬಂತು.

ಮರುದಿನವೇ ಆಕೆ ಚಪ್ಪಲಿ ಅಂಗಡಿಗೆ ಹೋಗಿ ಒಂದು ಜೊತೆ ಕೊಡಿ ಅಂದಳಂತೆ. ಅಂಗಡಿಯವನು ಒಳಗೆ ಹೋಗಿ, ಬಹಳ ಹುಡುಕಿ, ಒಂದೇ ಬಣ್ಣದವು ಎರಡು ತಂದುಕೊಟ್ಟು ಇಂಥ ಗಿರಾಕಿ ಅಪರೂಪ ಅಂದನಂತೆ. ಅದನ್ನು ಮೆಟ್ಟಿಕೊಂಡು ಆಕೆ ಇಡೀ ಊರು ನಡೆದಳು. ಕೆರೆ ಏರಿಯ ಮೇಲೆ ಆ ತುದಿಗೆ ಹೋಗಿ ಈ ತುದಿಗೆ ಬಂದಳು. ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಒಂದು ಹನಿ ತುಳುಕಿಸದೆ ಬೀದಿ ದಾಟಿ, ತುಳುಕಲಿಲ್ಲವಲ್ಲ ಎಂದು ತಿರುಗಿ ನೆಲ ನೋಡಿದಳು. ಸಂಜೆ ನಾವು ಕಾವ್ಯ ಕೇಳುತ್ತ ಕೂತಾಗ ಮಠದ ಓಣಿಯಲ್ಲಿ ಆಕೆಯ ಹೆಜ್ಜೆ ಕೇಳಿಸುತ್ತಿತ್ತು. ಯಾವ ಕೆಲಸಕ್ಕೂ ಹೊರಟ ಹೆಜ್ಜೆಯಲ್ಲ ಅದು. ಸುಮ್ಮನೆ ನಡೆಯುವ ಹೆಜ್ಜೆ. ಓದುವವರ ದನಿ ಏರುವಲ್ಲಿ ನಿಂತು, ಇಳಿಯುವಲ್ಲಿ ಮುಂದೆ ಹೋಗುತ್ತಿತ್ತು.

ಊರಿನಲ್ಲಿ ಮಾತ್ರ ಆಕೆಯ ಬೆಲೆ ಇಳಿಯಿತು. ನೆಟ್ಟಗೆ ನಡೆಯುವವಳ ಹತ್ತಿರ ಯಾರು ಕರು ತರುತ್ತಾರೆ. ಪುಟ್ಟಗೌರಿ ಮೊದಲು ಕೈಯಳತೆಗಿಂತ ಹೆಚ್ಚು ಹೂ ಕೊಡುತ್ತಿದ್ದವಳು ಈಗ ಮೊಳವನ್ನು ಬೆರಳ ತುದಿಯಲ್ಲೇ ಮುಗಿಸುತ್ತಿದ್ದಳು. ಮೊನ್ನೆ ಅಷ್ಟು ಚೆನ್ನಾಗಿ ಕುಂಟುತ್ತಿದ್ದೆಯಲ್ಲ ಮಗಳೇ, ಏನಾಯ್ತು ಎಂದು ಮರುಕದಿಂದ ಕೇಳಿದಳು. ಕಾತ್ಯಾಯಿನಿ ನಕ್ಕು ಹೂ ಮುಡಿದುಕೊಂಡು ಹೋದಳು. ದಿನಾ ಬೆಳಿಗ್ಗೆ ಖಲಂದರ್ ಸಾಬರ ಲಾಯಕ್ಕೆ ಹೋಗಿ ಮಲ್ಲಿಗೆಯ ಭುಜ ನೀವುವುದನ್ನು ಮಾತ್ರ ಬಿಡಲಿಲ್ಲ. ಚನ್ನಕೇಶವ ದಾರಿಯಲ್ಲಿ ಸಿಕ್ಕಾಗೆಲ್ಲ ಎಳೆಯುತ್ತಿದ್ದಾಳಾ ಎಂದು ಕೇಳುತ್ತಿದ್ದ. ಕುದುರೆಯ ಭುಜಕ್ಕೆ ಅದರದೇ ಗತಿ ಇರುತ್ತದೆ, ಅವಸರ ಮಾಡಿದರೆ ಅರ್ಥ ಕೆಡುತ್ತದೆ ಅನ್ನುತ್ತಿದ್ದೆ. ಅವನಿಗೆ ಅದು ಉತ್ತರ ಅನ್ನಿಸುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಮಲ್ಲಿಗೆಯನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ ಅದರ ಗೊರಸು ಕೇಳಿಸಿತು. ಸಮ, ಸಮ, ಸಮ. ಓಣಿ ತಿರುಗುವಲ್ಲಿ ಮಾತ್ರ ಕೂದಲೆಳೆಯಷ್ಟು ತಡವರಿಸಿತು. ಅದರ ಹಿಂದೆಯೇ ಕಾತ್ಯಾಯಿನಿ ನಡೆದುಹೋದಳು. ಆಕೆಯ ಬಲ ಹೆಜ್ಜೆ ಅಷ್ಟೇ ಅಷ್ಟು ಇಳಿಯುತ್ತಿತ್ತು. ನೋಡಿದವರಿಗೆ ತಿಳಿಯುವಂಥದಲ್ಲ. ಇನ್ನೊಂದು ಸಲ ಕೈಯಿಟ್ಟರೆ ಮುಗಿಯಿತು ಅಂದುಕೊಂಡೆ. ಮರುದಿನ ಸಂಜೆ ಮತ್ತೆ ಕೇಳಿದೆ. ಓಣಿಯ ತಿರುವಿನಲ್ಲಿ ಆ ಎಳೆ ಹಾಗೇ ಇತ್ತು.

ಅದರ ಮರುದಿನ ಬೆಳಿಗ್ಗೆ ನಾನು ಪೂಜೆಗೆ ಹೂ ಬಿಡಿಸುತ್ತಿದ್ದಾಗ ಕಾತ್ಯಾಯಿನಿ ಬಾಗಿಲ ಬಳಿ ಬಂದು ನಿಂತಳು. ಅಂದು ಶುಕ್ರವಾರ, ಸಂಘದ ಸಭೆಯ ದಿನ. ಒಳಗೆ ಬಾರಮ್ಮ ಅಂದೆ. ಬರಲಿಲ್ಲ, ಕಟ್ಟೆಯ ಮೇಲೆ ಕೂತಳು. ಅವಳ ತಾಯಿ ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದಾರಂತೆ. ಫೋನು ಮಾಡಿ, ಬಾ, ಒಂದು ತೋರಿಸಬೇಕು ಎಂದಷ್ಟೇ ಹೇಳಿದ್ದಾಳಂತೆ, ಏನೆಂದು ಹೇಳಿಲ್ಲವಂತೆ.

"ನಾನು ನೆಟ್ಟಗೆ ನಡೆದದ್ದನ್ನ ಅಮ್ಮ ನೋಡಿಲ್ಲ ಸರ್. ಇವತ್ತು ಬೆಳಿಗ್ಗೆ ಕೈಯಿಟ್ಟರೆ ಮಲ್ಲಿಗೆ ಸರಿಹೋಗುತ್ತೆ. ನಾಳೆ ಇಟ್ಟರೂ ಸರಿಹೋಗುತ್ತೆ. ಶುಕ್ರವಾರ ಸಾಬರು ಗಾಡಿ ಕಟ್ಟೋದೂ ಇಲ್ಲ. ಒಂದು ದಿನ ಬಿಟ್ಟರೆ ತಪ್ಪಾಗುತ್ತಾ? ನಿಯಮ ಏನು ಹೇಳುತ್ತೆ?"

ನಾನು ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ಮೊದಲಿನಿಂದ ಹೇಳಿಕೊಂಡೆ. ಅವು ನನಗೆ ಪದ್ಯದ ಹಾಗೆ ಬಾಯಿಗೆ ಬರುತ್ತವೆ. ಪ್ರಾಣಿಗೆ ವಿಶ್ರಾಂತಿ ಕೊಡಬೇಕು ಎಂದು ಒಂದು ಕಡೆ ಇದೆ. ಬೇಗ ಮುಗಿಸಬೇಕು ಎಂದು ಎಲ್ಲೂ ಇಲ್ಲ.

"ನಿಯಮ ಸುಮ್ಮನಿದೆ ತಾಯಿ," ಅಂದೆ.

"ನೀವು?"

"ನಾನೂ ಸುಮ್ಮನಿರುವವನೇ."

ಆಕೆ ತನ್ನ ಹೊಸ ಜೋಡಿ ಚಪ್ಪಲಿಯನ್ನು ನೋಡುತ್ತ ಕೂತಳು. ನನಗೆ ಒಳಗೊಳಗೇ, ಇರಲಿ ಬಿಡು, ಒಂದು ದಿನ ತಾನೇ, ಕುದುರೆಗೆ ಅಷ್ಟೇನೂ ನೋವಿಲ್ಲ ಎಂದು ಹೇಳುವ ಆಸೆಯಿತ್ತು. ಬುಟ್ಟಿಯಲ್ಲಿದ್ದ ಹೂ ಸಾಕಾಗಿದ್ದರೂ ಬಿಡಿಸುತ್ತಲೇ ಇದ್ದೆ.

"ನಿನ್ನೆಯೇ ಮುಗಿಸಬಹುದಿತ್ತು," ಅಂದಳು ಕೊನೆಗೆ. "ವಿಶ್ರಾಂತಿ ಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಎಷ್ಟು ಚೆನ್ನಾಗಿ ಹೇಳಿಕೊಂಡೆ ಅಂದರೆ, ನಂಬಿಬಿಟ್ಟೆ. ಇದಕ್ಕೊಂದು ನಿಯಮ ಇರಬೇಕಿತ್ತು ಸರ್. ಇಲ್ಲದಿದ್ದರೆ ಅಮ್ಮ ಇನ್ನೊಂದು ದಿನ ಇರ್ತಾಳೆ, ಆಮೇಲೆ ಹಬ್ಬ ಬರುತ್ತೆ."

ಎದ್ದಳು. ನಾನೂ ಹೂಬುಟ್ಟಿ ಕಟ್ಟೆಯ ಮೇಲಿಟ್ಟು ಹಿಂದೆ ಹೋದೆ. ಅಂದು ದೇವರಿಗೆ ಹೂ ತಡವಾಯಿತು. ಲಾಯದಲ್ಲಿ ಖಲಂದರ್ ಸಾಬರು ಮಲ್ಲಿಗೆಯ ಮೈ ತಿಕ್ಕುತ್ತಿದ್ದರು. ಕಾತ್ಯಾಯಿನಿ ಅದರ ಭುಜಕ್ಕೆ ಹಣೆ ತಾಗಿಸಿ ಒಂದು ಗಳಿಗೆ ನಿಂತು ಕೆಲಸ ಶುರುಮಾಡಿದಳು. ಏನೂ ಉಳಿಸಲಿಲ್ಲ. ಮುಗಿದ ಮೇಲೆ ಕೈಕೊಡವಿ ಬಾಗಿಲ ಕಡೆ ನಡೆದವಳು ಹೊಸ್ತಿಲ ಬಳಿ ಬಲಕ್ಕೆ ವಾಲಿದಳು. ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಅವಳ ಪಕ್ಕದಿಂದಲೇ ಮಲ್ಲಿಗೆ ಅಂಗಳಕ್ಕಿಳಿದು ಒಂದು ಸುತ್ತು ಬಂದಿತು, ತಿರುವಿನಲ್ಲೂ ತಡವರಿಸಲಿಲ್ಲ. ಅಲ್ಲಾ ನಿನ್ನ ಕೈ ತಣ್ಣಗಿಟ್ಟಿರಲಿ ಮಗಳೇ ಅಂದರು ಖಲಂದರ್ ಸಾಬರು. ನನ್ನ ದಪ್ಪ ಚಪ್ಪಲಿ ಆಸ್ಪತ್ರೆಯಲ್ಲಿದೆ, ಯಾರನ್ನಾದರೂ ಕಳಿಸಿ ತರಿಸಿ ಅಂದಳು ಕಾತ್ಯಾಯಿನಿ.

ಸಭೆಗೆ ಆಕೆ ಕುಂಟುತ್ತ ಬಂದದ್ದನ್ನು ಕಂಡು ಸದಸ್ಯರೆಲ್ಲ ಎದ್ದುನಿಂತರು, ವಾಡಿಕೆಯಂತೆ. ಪದ್ಮರಾಜಯ್ಯನವರು ಕುದುರೆ ಗುಣವಾಯಿತೇ ಎಂದು ನನ್ನನ್ನು ಕೇಳಿದರು. ಆಯಿತು ಅಂದೆ. ಈ ಕುಂಟು ಆಕೆಯದೇ ತಾನೇ ಅಂದರು. ಆಕೆಯದೇ, ಬೇರೆ ಯಾರದೂ ಅದರಲ್ಲಿ ಇಲ್ಲ ಅಂದೆ. ವಿನಾಕಾರಣ ಎಳೆದದ್ದು ಉಂಟೇ ಎಂದು ಚನ್ನಕೇಶವ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಕಾತ್ಯಾಯಿನಿ, ಒಂದು ದಿನ ಎಳೆದಿದ್ದೇನೆ ಅಂದಳು. ಸಭೆ ಗುಜುಗುಜು ಅಂದಿತು. ಹಾಗಾದರೆ ಊರು ಬಿಡಬೇಕು ಅಂದ ಚನ್ನಕೇಶವ. ಅದು ವಿನಾಕಾರಣ ಎಂದು ಯಾವ ನಿಯಮದ ಪ್ರಕಾರ ಹೇಳುವುದು ಎಂದು ಪದ್ಮರಾಜಯ್ಯ ಕೇಳಿದರು. ವಿಶ್ರಾಂತಿಯ ದಿನ ಎಷ್ಟು ಎಂಬುದು ಸದಸ್ಯರ ವಿವೇಚನೆಗೆ ಬಿಟ್ಟದ್ದು ಎಂದಷ್ಟೇ ನಮ್ಮಲ್ಲಿದೆ.

ಹಾಗಾದರೆ ನಿಯಮ ಮಾಡಿ, ಅಂದಳು ಕಾತ್ಯಾಯಿನಿ. ಪ್ರಾಣಿ ಗುಣವಾಗುವ ದಿನವನ್ನು ಸದಸ್ಯರು ತಮ್ಮ ಅನುಕೂಲಕ್ಕಾಗಿ ಮುಂದೂಡತಕ್ಕದ್ದಲ್ಲ. ಇಷ್ಟು ಸಾಕು. ಮಾತು ಸರಿಯಾಗಿದೆ ಎಂದು ಎಲ್ಲರಿಗೂ ಅನ್ನಿಸಿತು. ಆದರೆ ಹೊಸ ನಿಯಮವನ್ನು ಸೂಚಿಸುವ ಹಕ್ಕು ಸದಸ್ಯರಿಗೆ ಮಾತ್ರ ಎಂದು ಚನ್ನಕೇಶವ ಎದ್ದು ಹೇಳಿದ. ಹಳೆಯ ಸದಸ್ಯರಲ್ಲಿ ಯಾರಾದರೂ ಸೂಚಿಸಿ ಎಂದು ಅಧ್ಯಕ್ಷರು ಸುತ್ತ ನೋಡಿದರು. ಯಾರೂ ಏಳಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಪಾದ ನೋಡಿಕೊಳ್ಳುತ್ತಿದ್ದರು. ನಾನೂ ನೋಡಿಕೊಂಡೆ. ನಮ್ಮ ಊರಿನಲ್ಲಿ ಕುಂಟಿದಷ್ಟು ದಿನ ಮರ್ಯಾದೆ. ಸಭೆಗೆ ಬಂದರೆ ಜನ ಎದ್ದುನಿಲ್ಲುತ್ತಾರೆ, ಹೂವಿನವಳು ಕೈಬಿಚ್ಚಿ ಕೊಡುತ್ತಾಳೆ. ಚನ್ನಕೇಶವನಿಗೆ ಅವನ ದೊಡ್ಡಪ್ಪನ ಮಗಳ ಮದುವೆ ಮುಗಿಯುವ ತನಕ ಟಗರಿನ ಕಾಲು ಬಿಟ್ಟಿರಲಿಲ್ಲ. ಟಗರು ಅದಕ್ಕೆ ಎಷ್ಟೋ ಮುಂಚೆ ಗೋಡೆ ಹಾರುವಷ್ಟಾಗಿತ್ತು, ಒಂದು ಕೂದಲೆಳೆ ಮಾತ್ರ ಬಾಕಿ ಇತ್ತು. ಅಧ್ಯಕ್ಷರು ಸ್ವಲ್ಪ ಹೊತ್ತು ಕಾದು, ನಿಯಮ ಸೂಚಿಸಲು ಬೇರೆ ಯಾರೂ ಇಲ್ಲವಾದ್ದರಿಂದ ಮೊದಲು ಈಕೆಯನ್ನು ಸದಸ್ಯೆಯಾಗಿ ಮಾಡಿಕೊಳ್ಳುವುದೇ ಕ್ರಮ ಅಂದರು. ಹಾಗೆ ಮಾಡಿಕೊಂಡೆವು. ಆಕೆ ಸೂಚಿಸಿದಳು, ನಾನು ಅನುಮೋದಿಸಿದೆ. ಕೈಗಳು ಒಂದೊಂದಾಗಿ ಮೇಲೆದ್ದವು. ಕೊನೆಯದು ಚನ್ನಕೇಶವನದು, ಆದರೂ ನೆಟ್ಟಗೆ ಎದ್ದಿತು.

ಬಸ್ಸಿನ ಹೊತ್ತಿಗೆ ಸಾಮಾನು ಹೊರಲು ಒಬ್ಬರಿರಲಿ ಎಂದು ನಾನೂ ಆಕೆಯ ಜೊತೆ ನಿಲ್ದಾಣಕ್ಕೆ ಹೋದೆ. ಬಸ್ಸು ಬಂದು ಧೂಳು ಇಳಿಯಿತು. ತೆಳ್ಳಗಿನ ಹೆಂಗಸೊಬ್ಬರು ಕೈಚೀಲ ಎದೆಗೊತ್ತಿಕೊಂಡು ಇಳಿದು, ಹೋಗಿಬರುವ ಹೆಣ್ಣುಮಕ್ಕಳ ಮುಖಕ್ಕೆ ಮುಖ ಚಾಚಿ ನೋಡತೊಡಗಿದರು. ಯಾರದೋ ಸೆರಗು ಹಿಡಿದು, ಅಲ್ಲವೆಂದು ತಿಳಿದು ಬಿಟ್ಟರು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಕಾತ್ಯಾಯಿನಿ ಹೇಳಿದಳು. ಆದರೂ ಕಂಬದ ಪಕ್ಕದಿಂದ ಕದಲಲಿಲ್ಲ. ಹೋಗಮ್ಮ, ಕಾಯುತ್ತಿದ್ದಾರೆ ಅಂದೆ. ತೋರಿಸಲು ಕೈಯಲ್ಲಿ ಏನೂ ಇಲ್ಲದೆ ಬರಿಗೈಲಿ ಹೋಗುವವರ ಹಾಗೆ ಆಕೆ ಮೆಲ್ಲಗೆ ಹೊರಟಳು.

ಟೀ ಅಂಗಡಿ ದಾಟುವಷ್ಟರಲ್ಲಿ ತಾಯಿಯ ತಲೆ ಈ ಕಡೆ ತಿರುಗಿತು. ನಡುವೆ ಇನ್ನೂ ಜನ ಇದ್ದರು, ಒಂದು ಆಟೋ ಇತ್ತು. ತಾಯಿ ಕಣ್ಣಿನಿಂದ ಹುಡುಕಲಿಲ್ಲ. ಕುಂಟು ಹೆಜ್ಜೆ ಕೇಳಿಬರುವ ದಿಕ್ಕಿಗೆ ಚೀಲವನ್ನು ಚಾಚಿ ಹಿಡಿದರು.

"ಎಷ್ಟು ಹೊತ್ತೇ ನಿನಗೆ, ತಗೋ," ಅಂದರು. "ಉಪ್ಪಿನಕಾಯಿ ಇದೆ, ಓರೆ ಮಾಡಬೇಡ. ಏನೋ ತೋರಿಸ್ತೀನಿ ಅಂದಿದ್ದೆಯಲ್ಲ, ಏನದು?"

ಕಾತ್ಯಾಯಿನಿ ಚೀಲವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

"ಒಂದು ಕುದುರೆ ಅಮ್ಮ. ಚೆನ್ನಾಗಿ ನಡೆಯುತ್ತೆ."

"ನಡಿ ಮತ್ತೆ, ತೋರಿಸು," ಅಂದರು ತಾಯಿ.